ಲೆಕ್ಕ ಕೇಳಿದ ಸದಸ್ಯೆ: ಬ್ರಿಟಿಷ್ ಸಂಸತ್ತಿನ ಚರ್ಚೆಗಳಲ್ಲಿ ಮಾರ್ಗರೆಟ್ ಥ್ಯಾಚರ್

ಮಾರ್ಗರೆಟ್ ಥ್ಯಾಚರ್ ಎಂದೊಡನೆ ನಮ್ಮ ವಾಣಿಜ್ಯ ವಲಯದ ಹಿರಿಯರಿಗೆ ನೆನಪಾಗುವುದು ಖಾಸಗೀಕರಣ, ಗಣಿ ಕಾರ್ಮಿಕರ ದೀರ್ಘ ಮುಷ್ಕರ ಹಾಗೂ ‘ಉಕ್ಕಿನ ಮಹಿಳೆ’ ಎಂಬ ಬಿರುದು. 1979ರಿಂದ 1990ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಅವರ ಆರ್ಥಿಕ ನೀತಿಗಳ ಪರವಾಗಿಯೂ ವಿರೋಧವಾಗಿಯೂ ಸಾಕಷ್ಟು ಬರೆಯಲಾಗಿದೆ. ಆದರೆ ಅಧಿಕಾರದ ಗದ್ದುಗೆ ಏರುವುದಕ್ಕೆ ಎರಡು ದಶಕಗಳ ಮೊದಲು, ಹೊಸ ಸದಸ್ಯೆಯಾಗಿ ಅವರು ಸದನದಲ್ಲಿ ಮಾಡಿದ ಕೆಲಸ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತೆರಿಗೆ ಕಟ್ಟುವ ವರ್ತಕರಿಗೂ ಲೆಕ್ಕಪತ್ರಗಳ ನಡುವೆಯೇ ಬದುಕುವ ನಮ್ಮಂಥ ವೃತ್ತಿನಿರತರಿಗೂ ಆ ಭಾಗವೇ ಹೆಚ್ಚು ಬೋಧಪ್ರದವಾದುದು.

ಥ್ಯಾಚರ್ ಅವರ ತಂದೆ ಗ್ರ್ಯಾಂಥಮ್ ಪಟ್ಟಣದಲ್ಲಿ ದಿನಸಿ ವ್ಯಾಪಾರಿಯಾಗಿದ್ದರು. ಅಲ್ಲಿನ ಪುರಸಭೆಯ ಸದಸ್ಯರಾಗಿ ಅದರ ಹಣಕಾಸು ಸಮಿತಿಯ ಅಧ್ಯಕ್ಷತೆಯನ್ನೂ ವಹಿಸಿದ್ದರು. ಮಗಳು ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಓದಿ, ಬಳಿಕ ಕಾನೂನು ವ್ಯಾಸಂಗ ಮಾಡಿ ತೆರಿಗೆ ವಿಷಯದ ಬ್ಯಾರಿಸ್ಟರ್ ಆದರು. 1959ರ ಅಕ್ಟೋಬರ್ ಚುನಾವಣೆಯಲ್ಲಿ ಫಿಂಚ್ಲಿ ಕ್ಷೇತ್ರದಿಂದ ಆಯ್ಕೆಯಾದಾಗ 630 ಸದಸ್ಯರ ಕಾಮನ್ಸ್ ಸಭೆಯಲ್ಲಿದ್ದ ಮಹಿಳೆಯರು ಕೇವಲ 25.

ಚೊಚ್ಚಲ ಭಾಷಣವೇ ಮಸೂದೆಯ ಮಂಡನೆ

ಖಾಸಗಿ ಸದಸ್ಯರ ಮಸೂದೆಗಳಿಗಾಗಿ ಅಲ್ಲಿ ಚೀಟಿ ಎತ್ತುವ ಪದ್ಧತಿಯಿದೆ. ಆರಂಭದ ಕೆಲವು ಸ್ಥಾನಗಳು ದೊರೆತವರ ಮಸೂದೆಗೆ ಮಾತ್ರ ಚರ್ಚೆಯ ಅವಕಾಶ ಸಿಗುವ ಸಂಭವ ಹೆಚ್ಚು. ಹೊಸಬರಾದ ಥ್ಯಾಚರ್ ಅವರಿಗೆ ಅಂಥದೊಂದು ಸ್ಥಾನ ಒದಗಿತು. ಅವರು ಆರಿಸಿಕೊಂಡ ವಿಷಯ, ಸ್ಥಳೀಯ ಸಂಸ್ಥೆಗಳ ಸಭೆಗಳಿಗೆ ಪತ್ರಕರ್ತರ ಮತ್ತು ಸಾರ್ವಜನಿಕರ ಪ್ರವೇಶ.

ಪುರಸಭೆಗಳ ಸಭೆಗೆ ವರದಿಗಾರರನ್ನು ಬಿಡಬೇಕೆಂಬ ಕಾಯಿದೆ 1908ರಿಂದಲೇ ಜಾರಿಯಲ್ಲಿತ್ತು. ಆದರೆ ಅದರಲ್ಲೊಂದು ದೊಡ್ಡ ಕಂಡಿಯಿತ್ತು. ಇಡೀ ಕೌನ್ಸಿಲ್ ತನ್ನನ್ನು ತಾನೇ ‘ಸಮಿತಿ’ಯೆಂದು ಘೋಷಿಸಿಕೊಂಡರೆ ಬಾಗಿಲು ಮುಚ್ಚಬಹುದಿತ್ತು. ಅದೇ ಸದಸ್ಯರು, ಅದೇ ಸಭಾಂಗಣ, ಅದೇ ವಿಷಯಸೂಚಿ. ಬದಲಾಗುತ್ತಿದ್ದುದು ಹೆಸರು ಮಾತ್ರ. 1959ರಲ್ಲಿ ಮುದ್ರಣ ಕಾರ್ಮಿಕರ ವಿವಾದ ಉಂಟಾದಾಗ, ಆ ವಿವಾದಕ್ಕೆ ಒಳಗಾದ ಪತ್ರಿಕೆಗಳ ವರದಿಗಾರರಿಗೆ ಕೆಲವು ಕೌನ್ಸಿಲ್‌ಗಳು ಸೌಲಭ್ಯವನ್ನೇ ನಿರಾಕರಿಸಿದವು.

1960ರ ಫೆಬ್ರವರಿ 5, ಶುಕ್ರವಾರ. ಶುಕ್ರವಾರಗಳಲ್ಲಿ ಬಹುತೇಕ ಸದಸ್ಯರು ತಮ್ಮ ಕ್ಷೇತ್ರಗಳಿಗೆ ಹೊರಟುಬಿಡುವುದು ಅಲ್ಲಿನ ರೂಢಿ. ಇದನ್ನರಿತ ಥ್ಯಾಚರ್, ತಮ್ಮ ಪಕ್ಷದ ಸುಮಾರು 250 ಸದಸ್ಯರಿಗೆ ಸ್ವಹಸ್ತದಿಂದ ಪತ್ರ ಬರೆದು ಹಾಜರಿರುವಂತೆ ಕೋರಿದ್ದರು. ಚೊಚ್ಚಲ ಭಾಷಣದಲ್ಲಿ ಕ್ಷೇತ್ರದ ಗುಣಗಾನ ಮಾಡುವುದು ಸಂಪ್ರದಾಯ. ಅವರು ಅದನ್ನು ಬದಿಗಿರಿಸಿ, ನೇರವಾಗಿ ವಿಷಯಕ್ಕೆ ಬರುವುದನ್ನೇ ತಮ್ಮ ಮತದಾರರು ಬಯಸುವರೆಂದು ಹೇಳಿ, ಟಿಪ್ಪಣಿಯ ನೆರವಿಲ್ಲದೆ 27 ನಿಮಿಷ ಮಾತನಾಡಿದರು.

ಅವರ ವಾದದ ಬುನಾದಿ ಪತ್ರಿಕಾ ಸ್ವಾತಂತ್ರ್ಯವಷ್ಟೇ ಆಗಿರಲಿಲ್ಲ. ಮೊದಲು ಬಂದದ್ದು ಲೆಕ್ಕ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ಸಂಸ್ಥೆಗಳು ವರ್ಷಕ್ಕೆ 140 ಕೋಟಿ ಪೌಂಡ್, ಸ್ಕಾಟ್ಲೆಂಡಿನವು 20 ಕೋಟಿ ಪೌಂಡಿಗೂ ಮಿಗಿಲಾಗಿ ವೆಚ್ಚ ಮಾಡುತ್ತಿವೆ; ಇದರಲ್ಲಿ ಅರ್ಧಕ್ಕಿಂತ ಕಡಿಮೆ ಹಣ ಸ್ಥಳೀಯ ತೆರಿಗೆಯಿಂದ ಬಂದರೆ ಉಳಿದುದು ರಾಷ್ಟ್ರದ ತೆರಿಗೆದಾರರದು; ಆದ್ದರಿಂದ ಆ ಹಣ ಹೇಗೆ ವಿನಿಯೋಗವಾಗುತ್ತಿದೆಯೆಂದು ತಿಳಿಯುವುದೇ ಪ್ರವೇಶದ ಪ್ರಥಮ ಉದ್ದೇಶ ಎಂದು ಅವರು ಪ್ರತಿಪಾದಿಸಿದರು. ಲೆಕ್ಕಪರಿಶೋಧಕನೊಬ್ಬ ಇದಕ್ಕಿಂತ ಚೆನ್ನಾಗಿ ಹೇಳಲಾರ. ವರ್ಷಾಂತ್ಯದ ಪರಿಶೋಧನೆ ಖರ್ಚಾದ ಹಣದ ಕಥೆಯನ್ನು ಹೇಳುತ್ತದೆ. ತೆರೆದ ಸಭೆಯಾದರೋ ಖರ್ಚಿನ ನಿರ್ಧಾರವಾಗುವ ಹೊತ್ತಿನಲ್ಲೇ ತೆರಿಗೆದಾರನಿಗೆ ಕಣ್ಣು ಕೊಡುತ್ತದೆ.

ದ್ವಿತೀಯ ವಾಚನಕ್ಕೆ 152 ಮತಗಳು ಪರವಾಗಿಯೂ 39 ವಿರುದ್ಧವಾಗಿಯೂ ಬಂದವು. ಅದೇ ವರ್ಷದ ಅಕ್ಟೋಬರಿನಲ್ಲಿ ಮಸೂದೆ ಕಾಯಿದೆಯಾಯಿತು. ಪತ್ರಕರ್ತರಿಗೆ ಮಾತ್ರವಲ್ಲದೆ ಸಾಮಾನ್ಯ ನಾಗರಿಕರಿಗೂ ಪ್ರವೇಶದ ಹಕ್ಕು ದೊರೆಯಿತು. ಸಭೆಗೆ ಮೂರು ದಿನ ಮುಂಚಿತವಾಗಿ ಸಾರ್ವಜನಿಕ ಪ್ರಕಟಣೆ ಕಡ್ಡಾಯವಾಯಿತು. ಗೋಪ್ಯತೆಯ ಕಾರಣದಿಂದ ಬಾಗಿಲು ಮುಚ್ಚಬೇಕಾದರೆ ನಿರ್ಣಯ ಅಂಗೀಕರಿಸಬೇಕಾಯಿತು. ಇಡೀ ಕೌನ್ಸಿಲ್ ಸಮಿತಿಯಾಗಿ ಮಾರ್ಪಡುವ ಹಳೆಯ ಉಪಾಯವೂ ಮುಗಿಯಿತು.

ಆದರೂ ಗೆಲುವು ಪೂರ್ಣವಾಗಿರಲಿಲ್ಲ. ದಿನನಿತ್ಯದ ನಿರ್ಧಾರಗಳು ರೂಪುಗೊಳ್ಳುವ ಸಾಮಾನ್ಯ ಸಮಿತಿಗಳಿಗೆ ಪ್ರವೇಶದ ಹಕ್ಕು ವಿಸ್ತರಿಸಿದುದು 1972ರ ಸ್ಥಳೀಯ ಆಡಳಿತ ಕಾಯಿದೆಯಿಂದ. ಉಪಸಮಿತಿಗಳ ಬಾಗಿಲು ತೆರೆದು, ವರದಿಗಳನ್ನು ಮುಂಚಿತವಾಗಿ ಪರಿಶೀಲಿಸುವ ಹಕ್ಕು ನೀಡಿದುದು 1985ರ ಕಾಯಿದೆ. ಒಂದು ಭಾಷಣ ಇಟ್ಟ ಹೆಜ್ಜೆ ಗುರಿ ಮುಟ್ಟಲು ಕಾಲು ಶತಮಾನ ಹಿಡಿಯಿತು.

ತೆರಿಗೆ ಚರ್ಚೆಗಳಲ್ಲಿ

1961ರ ಮುಂಗಡಪತ್ರದ ಚರ್ಚೆಯಲ್ಲಿ ಅವರು ಹೂಡಿಕೆದಾರನಿಗೂ ಸಟ್ಟಾ ವ್ಯವಹಾರಿಗೂ ನಡುವಣ ಭೇದವನ್ನು ಎತ್ತಿ ತೋರಿದರು. ಆದಾಯಕ್ಕಾಗಿ ಷೇರು ಇಟ್ಟುಕೊಳ್ಳುವವನನ್ನು ಬಿಟ್ಟು, ಕೊಂಡು ಮಾರುವುದನ್ನೇ ಕಸುಬಾಗಿಸಿಕೊಂಡವನಿಗೆ ತೆರಿಗೆ ತಟ್ಟಬೇಕೆಂಬುದು ಅವರ ನಿಲುವು. ಸ್ವಪಕ್ಷವೇ ಅಧಿಕಾರದಲ್ಲಿದ್ದಾಗ ಆಡಿದ ಮಾತಿದು ಎಂಬುದು ಗಮನಾರ್ಹ.

1966ರಲ್ಲಿ ವಿರೋಧ ಪಕ್ಷದಲ್ಲಿದ್ದಾಗ ಇನ್ನೂ ದೊಡ್ಡ ಅವಕಾಶ ಬಂದಿತು. ಹಣಕಾಸು ಸಚಿವ ಜೇಮ್ಸ್ ಕ್ಯಾಲಹನ್ ‘ಆಯ್ದ ಉದ್ಯೋಗ ತೆರಿಗೆ’ಯನ್ನು ಪ್ರಕಟಿಸಿದ್ದರು. ಪ್ರತಿ ಪುರುಷ ನೌಕರನಿಗೆ ವಾರಕ್ಕೆ 25 ಷಿಲಿಂಗ್, ಮಹಿಳೆಗೆ 12 ಷಿಲಿಂಗ್ 6 ಪೆನ್ಸ್‌ನಂತೆ ಮಾಲೀಕರು ತೆರಬೇಕು. ತಯಾರಿಕಾ ಉದ್ದಿಮೆಗಳಿಗೆ ಆ ಹಣ ಪ್ರೋತ್ಸಾಹಧನ ಸಮೇತ ಮರಳುತ್ತಿತ್ತು. ಅಂಗಡಿ, ಹೋಟೆಲು ಮುಂತಾದ ಸೇವಾ ವಲಯಕ್ಕೆ ಮರಳುತ್ತಿರಲಿಲ್ಲ. ಸಿದ್ಧತೆಗಾಗಿ ಥ್ಯಾಚರ್ ಯುದ್ಧಾನಂತರದ ಎಲ್ಲ ಮುಂಗಡಪತ್ರ ಭಾಷಣಗಳನ್ನೂ ಹಣಕಾಸು ಮಸೂದೆಗಳನ್ನೂ ಗ್ರಂಥಾಲಯದಿಂದ ತರಿಸಿ ಓದಿದರು. ಒಂದು ಕೈಯಿಂದ ವಸೂಲು ಮಾಡಿ ಇನ್ನೊಂದು ಕೈಯಿಂದ ಹಿಂತಿರುಗಿಸುವ ಈ ವ್ಯವಸ್ಥೆಯ ಅಸಂಬದ್ಧತೆಯನ್ನೂ, ದುಡಿಯುವ ವಿವಾಹಿತ ಸ್ತ್ರೀಯರಿಗೆ ಅದರಿಂದಾಗುವ ತೊಂದರೆಯನ್ನೂ ಸದನದಲ್ಲಿ ಬಿಚ್ಚಿಟ್ಟರು. ತೆರಿಗೆ ಜಾರಿಗೇನೋ ಬಂದಿತು; 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಾಗ ಕಣ್ಮರೆಯಾಯಿತು.

ನಾಣ್ಯದ ಇನ್ನೊಂದು ಮುಖ

ಹಣ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕಿದೆ ಎಂಬುದು 1960ರ ವಾದ. ಪ್ರಧಾನಿಯಾದ ಮೇಲೆ ಅವರು ಅದನ್ನು ತಿರುಗಿಸಿ, ಮತ ಹಾಕುವವರೆಲ್ಲರೂ ಸ್ಥಳೀಯ ವೆಚ್ಚಕ್ಕೆ ಹಣ ಕೊಡಬೇಕು ಎಂದರು. ಆಸ್ತಿ ಆಧಾರಿತ ತೆರಿಗೆಯ ಬದಲು ತಲೆಗಿಷ್ಟು ಎಂಬ ‘ಕಮ್ಯುನಿಟಿ ಚಾರ್ಜ್’ 1989ರಲ್ಲಿ ಸ್ಕಾಟ್ಲೆಂಡಿನಲ್ಲೂ 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೂ ಜಾರಿಯಾಯಿತು. ಕಡಿಮೆ ಆದಾಯದವರಿಗೆ ರಿಯಾಯಿತಿಯಿದ್ದರೂ ಬಂಗಲೆಯ ಒಡೆಯನಿಗೂ ಗುಡಿಸಲ ವಾಸಿಗೂ ಒಂದೇ ದರವೆಂಬುದು ಜನರಿಗೆ ಒಪ್ಪಿಗೆಯಾಗಲಿಲ್ಲ. 1990ರ ಮಾರ್ಚ್ 31ರಂದು ಲಂಡನ್ನಿನಲ್ಲಿ ಗಲಭೆಯಾಯಿತು. ಆ ವರ್ಷದ ನವೆಂಬರಿನಲ್ಲಿ ಅವರು ಅಧಿಕಾರ ಕಳೆದುಕೊಂಡ ಕಾರಣಗಳಲ್ಲಿ ಇದೂ ಒಂದು. 1993ರಲ್ಲಿ ಆ ತೆರಿಗೆಯೂ ಹೋಯಿತು. ಹೊಣೆಗಾರಿಕೆಯ ತತ್ತ್ವ ಎಷ್ಟೇ ಸರಿಯಾಗಿರಲಿ, ತೆರುವವನ ಶಕ್ತಿಯನ್ನು ಮರೆತ ತೆರಿಗೆ ನಿಲ್ಲಲಾರದು.

ನಮಗಿರುವ ಪಾಠ

1960ರಲ್ಲಿ ಅವರೆತ್ತಿದ ಪ್ರಶ್ನೆ ನಮ್ಮದೂ ಹೌದು. ಮಾಹಿತಿ ಹಕ್ಕಿನ ಕೇಂದ್ರ ಕಾಯಿದೆ 2005ರಲ್ಲಿ ಬರುವ ಮೊದಲೇ, 2000ದಲ್ಲಿ ಕರ್ನಾಟಕ ತನ್ನದೇ ಕಾಯಿದೆಯನ್ನು ರೂಪಿಸಿತ್ತು. ಆಸ್ತಿ ತೆರಿಗೆ, ವ್ಯಾಪಾರ ಪರವಾನಗಿ ಶುಲ್ಕಗಳನ್ನು ತಪ್ಪದೆ ಕಟ್ಟುವ ವರ್ತಕರಲ್ಲಿ ಎಷ್ಟು ಮಂದಿ ತಮ್ಮ ನಗರಸಭೆಯ ಆಯವ್ಯಯವನ್ನು ಓದಿದ್ದಾರೆ? ದರ ಏರಿದಾಗ ಮನವಿ ಸಲ್ಲಿಸುವ ನಾವು, ಆ ದರ ನಿರ್ಧಾರವಾಗುವ ಹಂತದಲ್ಲಿ ಎಲ್ಲಿರುತ್ತೇವೆ?

ಜನಪ್ರತಿನಿಧಿಯ ಸಾಧನೆಯನ್ನು ಭಾಷಣಗಳ ಸಂಖ್ಯೆಯಿಂದ ಅಳೆಯುವ ಅಭ್ಯಾಸ ನಮ್ಮಲ್ಲಿದೆ. ಅಂಕಿಅಂಶ ಕಲೆಹಾಕಿ, ಹಳೆಯ ಕಾಯಿದೆಯ ಕಂಡಿಯನ್ನು ಗುರುತಿಸಿ, ಮತ ಹಾಕುವವರನ್ನು ಸದನಕ್ಕೆ ಕರೆತಂದು, ಒಂದು ಹಕ್ಕನ್ನು ಶಾಸನವಾಗಿಸಿದ ಆ ಶುಕ್ರವಾರದ ಕೆಲಸ ಬೇರೆ ಬಗೆಯದು. ಥ್ಯಾಚರ್ ಅವರ ರಾಜಕೀಯವನ್ನು ಒಪ್ಪದವರೂ ಈ ಪೂರ್ವಸಿದ್ಧತೆಯನ್ನು ಒಪ್ಪಬಹುದು. ನಮ್ಮ ಪ್ರತಿನಿಧಿಗಳಿಂದ ಅದನ್ನೇ ನಿರೀಕ್ಷಿಸಬಹುದು.