ಮರಳಿನ ದಾರಿ, ಎರೆಯ ದಾರಿ

ರಜೆಯಲ್ಲಿ ಜೀಪಿನಲ್ಲಿ ಮರುಭೂಮಿ ಸುತ್ತಿ ಬರುವವರನ್ನು ನೀವು ದೂರದರ್ಶನದ ಪರದೆಯ ಮೇಲೆ ನೋಡಿರಬಹುದು. ಜೈಸಲ್ಮೇರ್ ಬಳಿಯ ಸಮ್ ದಿಬ್ಬಗಳನ್ನು ಏರಿಳಿಯುವ ವಾಹನಗಳನ್ನು ಕಂಡು, ಇಂಥ ಸಾಹಸಕ್ಕೆ ನಮ್ಮಲ್ಲಿ ಎಲ್ಲಿದೆ ಅವಕಾಶ ಎಂದೂ ಕೇಳಿರಬಹುದು. ಧಾರವಾಡ ಜಿಲ್ಲೆಯಲ್ಲಿ ಮರುಭೂಮಿ ಇಲ್ಲ, ನಿಜ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳಲ್ಲಿ ಹೊಲಗಳ ನಡುವೆ ಸಾಗುವ ಚಕ್ಕಡಿ ದಾರಿಗಳಿವೆ. ಡಾಂಬರು ಬಿಟ್ಟು ವಾಹನ ನಡೆಸುವವರಿಗೆ ಮರುಭೂಮಿಯೂ ಎರೆಭೂಮಿಯೂ ಕಲಿಸುವ ಪಾಠ ಒಂದೇ: ಎಂಜಿನ್ನಿನ ಬಲಕ್ಕಿಂತ ನೆಲದ ಗುಣ ದೊಡ್ಡದು.

ಮೊದಲು ಮರಳನ್ನು ನೋಡೋಣ. ಒಣ ಮರಳಿನ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಗಟ್ಟಿಯಾಗಿ ಗಾಳಿ ತುಂಬಿದ ಟೈರು ಅವನ್ನು ಪಕ್ಕಕ್ಕೆ ತಳ್ಳಿ ಹೂತುಹೋಗುತ್ತದೆ. ಭಾರ ಹೆಚ್ಚು ಜಾಗಕ್ಕೆ ಹರಡಿದಷ್ಟೂ ಒತ್ತಡ ಕಡಿಮೆ ಎಂದು ನೀವು ಶಾಲೆಯಲ್ಲಿ ಕಲಿತಿದ್ದೀರಿ. ಆದ್ದರಿಂದ ಅಲ್ಲಿನ ಚಾಲಕರು ಟೈರಿನ ಗಾಳಿಯನ್ನು ಸುಮಾರು 30 ಪೌಂಡಿನಿಂದ 15–18 ಪೌಂಡಿಗೆ ಇಳಿಸುತ್ತಾರೆ. ಟೈರು ಚಪ್ಪಟೆಯಾಗಿ ಹೆಚ್ಚು ನೆಲ ಮುಟ್ಟುತ್ತದೆ. ಒಂಟೆಯ ಅಗಲವಾದ ಪಾದದ ಗುಟ್ಟೂ ಇದೇ. ಡಾಂಬರಿಗೆ ಬಂದ ಮೇಲೆ ಮತ್ತೆ ಗಾಳಿ ತುಂಬಿಸಬೇಕು. ಇಲ್ಲವಾದರೆ ವೇಗದಲ್ಲಿ ಟೈರು ಕಾದು ಸಿಡಿಯಬಹುದು.

ಎರೆಮಣ್ಣಿನ ಸ್ವಭಾವವೇ ಬೇರೆ. ಇದರ ಕಣಗಳು ಅತಿ ಸೂಕ್ಷ್ಮ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್‌ನಂಥ ಖನಿಜಗಳ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಏಪ್ರಿಲ್‌ನಲ್ಲಿ ಕಲ್ಲಿನಂತಿದ್ದ ದಾರಿ ಒಂದೇ ದೊಡ್ಡ ಮಳೆಗೆ ರಾಡಿಯಾಗುತ್ತದೆ. ಟೈರಿನ ಸಂದುಗಳಲ್ಲಿ ರಾಡಿ ಮೆತ್ತಿಕೊಂಡರೆ ಹೊಸ ಟೈರೂ ಸವೆದ ಟೈರಿನಂತೆ ಜಾರುತ್ತದೆ. ಗಾಳಿ ಇಳಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಹಿಡಿತವೇ ಇಲ್ಲದಿದ್ದರೆ, ನಾಲ್ಕು ಚಕ್ರಗಳಿಗೂ ಬಲ ಸಿಗುವ ಜೀಪು ನಾಲ್ಕು ಚಕ್ರಗಳನ್ನೂ ನಿಂತಲ್ಲೇ ತಿರುಗಿಸುತ್ತದೆ, ಅಷ್ಟೆ. ಎಕ್ಸಿಲರೇಟರ್ ತುಳಿದಷ್ಟೂ ಗುಂಡಿ ಆಳವಾಗುತ್ತದೆ.

ಹಾಗಾದರೆ ಉಪಾಯವೇನು? ಕಾಯುವುದು. ದಾರಿಯ ಮೇಲ್ಪದರ ಒಣಗಿದ್ದರೂ ಕೆಳಗೆ ಹಸಿ ಇರುತ್ತದೆ. ಗಾಲಿಜಾಡಿನ ತಳದಿಂದ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿ. ಪುಡಿಯಾದರೆ ಮುಂದೆ ಹೋಗಬಹುದು. ಅಂಗೈಗೆ ಅಂಟಿದರೆ ವಾಹನ ಅಲ್ಲೇ ನಿಲ್ಲಲಿ. ಕಡಲೆ, ಜೋಳ, ಕುಸುಬಿ ಬೆಳೆದು ನಿಂತಿರುವ ಡಿಸೆಂಬರ್, ಜನವರಿಯ ಒಣ ದಿನಗಳೇ ಈ ದಾರಿಗಳನ್ನು ನೋಡಲು ತಕ್ಕ ಕಾಲ. ಪಶ್ಚಿಮಕ್ಕೆ ಕಲಘಟಗಿಯ ಕಡೆ ಹೋದರೆ ಕೆಂಪು ಮಣ್ಣು ಸಿಗುತ್ತದೆ. ಅದು ನೀರನ್ನು ಬೇಗ ಬಸಿಯುತ್ತದೆ. ಆದರೆ ಅಲ್ಲಿ ಕಾಡಿನ ದಾರಿಗೆ ಇಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಮಳೆಗಾಲದಲ್ಲಿ ಹಳ್ಳಗಳ ಭಯವೂ ಉಂಟು. ನೀರು ಕುಡಿದು ಉಬ್ಬಿದ ಎರೆ ಮತ್ತೆ ನೀರನ್ನು ಬೇಗ ಇಂಗಿಸುವುದಿಲ್ಲ. ಬಿದ್ದ ಮಳೆ ಹೊಲದ ಮೇಲೆ ಹರಿದು ಹಳ್ಳ ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳವೂ ತುಪ್ಪರಿಹಳ್ಳವೂ ಉಕ್ಕಿ ನವಲಗುಂದ ತಾಲ್ಲೂಕಿನ ಹೊಲ, ಊರುಗಳಿಗೆ ನುಗ್ಗಿದವು. ಸುಮಾರು 30 ಸೆಂಟಿಮೀಟರ್ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. 60 ಸೆಂಟಿಮೀಟರ್ ಇದ್ದರೆ ಜೀಪಿಗೂ ಅಪಾಯ. ಮರುಭೂಮಿಯ ಒಣ ಹಳ್ಳಗಳಲ್ಲೂ ದೂರದ ಮಳೆಯ ನೀರು ಹೀಗೆಯೇ ಹಠಾತ್ತಾಗಿ ಬರುತ್ತದೆ. ನೀರಿನ ತಳ ಕಾಣದಿದ್ದರೆ ಹಿಂದಿರುಗುವುದೇ ಜಾಣತನ.

ಇನ್ನೊಂದು ಮಾತನ್ನು ಮರೆಯಬಾರದು. ಅಮೆರಿಕದ ಮೊಹಾವೆ ಮರುಭೂಮಿಯಲ್ಲಿ 1942–44ರ ಸೈನಿಕ ತರಬೇತಿಯಲ್ಲಿ ಮೂಡಿದ ಟ್ಯಾಂಕ್ ಜಾಡುಗಳು ಇಂದಿಗೂ ಕಾಣುತ್ತವೆ. ನಮ್ಮ ಎರೆಯಲ್ಲಿ ಗಾಯ ಅಷ್ಟು ಕಾಲ ಉಳಿಯದು. ಆದರೆ ಹಸಿಯಲ್ಲಿ ಬಿದ್ದ ಜಾಡು ಒಣಗಿ ಇಟ್ಟಿಗೆಯಂತಾಗುತ್ತದೆ. ನೀವು ಮೋಜು ಮುಗಿಸಿ ಊರಿಗೆ ಹೋಗುತ್ತೀರಿ. ಅದೇ ದಾರಿಯಲ್ಲಿ ರೈತ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿದ ಚಕ್ಕಡಿ ಹೊಡೆಯಬೇಕು. ಎತ್ತಿನ ಕಾಲು ಆ ಜಾಡಿನಲ್ಲಿ ಹೊರಳಬಹುದು. ರಾಡಿ ತಪ್ಪಿಸಲು ವಾಹನವನ್ನು ಬದಿಯ ಹೊಲಕ್ಕೆ ಇಳಿಸಿದರೆ ಬೆಳೆಯೇ ಹಾಳು.

ಆದ್ದರಿಂದ ಹೊರಡುವ ಮುನ್ನ ಆ ಊರಿನ ರೈತರೊಬ್ಬರನ್ನು ಕೇಳಿ. ಯಾವ ದಾರಿಗೆ ಗರಸು ಬಿದ್ದಿದೆ, ಯಾವುದು ಇನ್ನೂ ಹಸಿಯಾಗಿದೆ ಎಂಬುದನ್ನು ಅವರು ನಕಾಶೆಗಿಂತ ನಿಖರವಾಗಿ ಹೇಳಬಲ್ಲರು. ಲೈಸೆನ್ಸ್ ಪಡೆಯಲು ಇನ್ನೂ 18 ತುಂಬದವರು ಅಲ್ಲಿಯವರೆಗೆ ಸೈಕಲ್ಲಿನಲ್ಲಿ ಈ ದಾರಿಗಳನ್ನು ನೋಡಿ ಬರಬಹುದು.