ಡಿ.ವಿ.ಡಿ. ರೆಕಾರ್ಡರ್ ಕೈಕೊಟ್ಟಾಗ

ಅಜ್ಜನ ಅರವತ್ತರ ಶಾಂತಿಯ ಹಳೆಯ ವಿ.ಎಚ್.ಎಸ್. ಕ್ಯಾಸೆಟ್. ಅದನ್ನು ಡಿಸ್ಕಿಗೆ ಇಳಿಸಿಡೋಣವೆಂದು ಒಂದು ಭಾನುವಾರ ಮನೆಮಂದಿಯೆಲ್ಲ ಕುಳಿತಿದ್ದಾರೆ. ವಿ.ಸಿ.ಆರ್. ಹೇಗೋ ತಿರುಗುತ್ತಿದೆ. ಅದರ ಪಕ್ಕದಲ್ಲಿ ಹದಿನೈದು ವರ್ಷ ಹಿಂದೆ ಕೊಂಡ ಡಿ.ವಿ.ಡಿ. ರೆಕಾರ್ಡರ್. ನಲವತ್ತು ನಿಮಿಷ ಎಲ್ಲ ಸರಾಗ. ಇನ್ನೇನು ಆರತಿ ಎತ್ತಬೇಕು, ಅಷ್ಟರಲ್ಲಿ ಯಂತ್ರ ನಿಂತಿತು. ಪರದೆಯ ಮೇಲೆ ‘ಡಿಸ್ಕ್ ದೋಷ’ ಎಂಬ ಬರಹ. ಬೇರೆ ಡಿಸ್ಕ್ ಹಾಕಿದಾಗ ಪೂರ್ತಿ ಬರೆಯಿತು ನಿಜ, ಆದರೆ ಪಕ್ಕದ ಮನೆಯ ಪ್ಲೇಯರಿಗೆ ಹಾಕಿದರೆ ‘ಡಿಸ್ಕ್ ಇಲ್ಲ’ ಎನ್ನುತ್ತದೆ! “ಅಪ್ಪಾ, ಇದನ್ನ ಗುಜರಿಗೆ ಹಾಕಿ ಬೇರೆ ತನ್ನಿ” ಎಂದು ಮಗಳು. “ಚೆನ್ನಾಗೇ ಇತ್ತಲ್ಲಮ್ಮ, ಒಂದ್ಸಲ ರಿಪೇರಿಗೆ ತೋರಿಸೋಣ” ಎಂದು ಅಪ್ಪ.

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ಗುಜರಿಗೆ ಹಾಕಲು ಆತುರಪಟ್ಟರೆ ಯಂತ್ರದ ಜೊತೆ ಅಜ್ಜನ ಆರತಿಯೂ ಹೋದೀತು. ಅದು ಹೇಗೆಂದು ತಿಳಿಯಬೇಕಾದರೆ ಮೊದಲು ಈ ಯಂತ್ರ ಮಾಡುವ ಕೆಲಸವೇನೆಂದು ನೋಡಬೇಕು.

ಡಿ.ವಿ.ಡಿ. ಜಪಾನಿನ ಅಂಗಡಿಗಳಿಗೆ ಬಂದದ್ದು 1996ರಲ್ಲಿ. ಮನೆಯಲ್ಲೇ ಡಿಸ್ಕಿನ ಮೇಲೆ ಬರೆಯಬಲ್ಲ ರೆಕಾರ್ಡರನ್ನು ಅಲ್ಲಿನ ಪಯೊನೀರ್ ಸಂಸ್ಥೆ 1999ರ ಕೊನೆಯಲ್ಲಿ ಮಾರಾಟಕ್ಕಿಟ್ಟಿತು. ನಮ್ಮಲ್ಲಿ ಇದು ಟೇಪ್‌ರೆಕಾರ್ಡರಿನಂತೆ ಮನೆಮನೆಯ ವಸ್ತುವಾಗಲಿಲ್ಲ. ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊಗಳಲ್ಲಿ, ವಿದೇಶದಿಂದ ಬಂದವರ ಮನೆಗಳಲ್ಲಿ, ಶೋಕಿಗೆ ಕೊಂಡ ಕೆಲವರ ಷೋಕೇಸುಗಳಲ್ಲಿ ಮಾತ್ರ ಕಾಣುತ್ತಿತ್ತು. ಹಾಗೆ ಉಳಿದವುಗಳಿಗೆಲ್ಲ ಈಗ ವಯಸ್ಸಾಗಿದೆ.

ಬೆಳಕಿನ ಲೇಖನಿ

ಡಿಸ್ಕಿನ ದಪ್ಪ 1.2 ಮಿಲಿಮೀಟರ್. ತಲಾ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿ ಅದನ್ನು ಮಾಡುತ್ತಾರೆ. ಬರೆಯುವ ಪದರ ಇರುವುದು ಈ ಎರಡರ ನಡುವೆ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿನಲ್ಲಿ ಅದು ಒಂದು ಬಗೆಯ ಬಣ್ಣದ ರಾಸಾಯನಿಕ. 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಕಿರಣ ಅದನ್ನು ಚುಕ್ಕೆಚುಕ್ಕೆಯಾಗಿ ಸುಡುತ್ತದೆ. ಸುಟ್ಟ ಜಾಗ ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ, ಸುಡದ ಜಾಗ ಹೆಚ್ಚು. ಓದುವಾಗ ಅದೇ ಲೇಸರನ್ನು ಮಂದಗೊಳಿಸಿ ಈ ವ್ಯತ್ಯಾಸವನ್ನು ಗುರುತಿಸಲಾಗುತ್ತದೆ. ಪದೇ ಪದೇ ಬರೆಯಬಹುದಾದ ಡಿಸ್ಕಿನಲ್ಲಿ ಬಣ್ಣದ ಬದಲು ಮಿಶ್ರಲೋಹವಿರುತ್ತದೆ. ಅದು ಬಿಸಿಯಾಗಿ ತಣಿಯುವ ರೀತಿಗೆ ತಕ್ಕಂತೆ ಸ್ಫಟಿಕವಾಗುತ್ತದೆ, ಇಲ್ಲವೇ ಸ್ಫಟಿಕರೂಪ ಕಳೆದುಕೊಳ್ಳುತ್ತದೆ.

ಬರಹ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಎರಡು ಸುತ್ತುಗಳ ನಡುವಿನ ಅಂತರ ಕೇವಲ 0.74 ಮೈಕ್ರಾನ್. ತಲೆಗೂದಲಿನ ದಪ್ಪ 70 ಮೈಕ್ರಾನ್ ಎಂದಿಟ್ಟುಕೊಂಡರೆ ಅದರ ಅಡಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುತ್ತುಗಳು ಅಡಗುತ್ತವೆ. ಇಡೀ ಸುರುಳಿಯನ್ನು ಬಿಚ್ಚಿ ಎಳೆದರೆ ಸುಮಾರು 12 ಕಿಲೊಮೀಟರ್ ಆದೀತು! ಮೂಲ ವೇಗದಲ್ಲಿ ಕಿರಣದ ಕೆಳಗೆ ಸುರುಳಿ ಸೆಕೆಂಡಿಗೆ ಸುಮಾರು 3.49 ಮೀಟರಿನಂತೆ ಸರಿಯಬೇಕು. ಬರಹ ಆರಂಭವಾಗುವಲ್ಲಿ ತ್ರಿಜ್ಯ 24 ಮಿಲಿಮೀಟರ್, ಮುಗಿಯುವಲ್ಲಿ 58. ಹಾಗಾದರೆ ಡಿಸ್ಕ್ ನಿಮಿಷಕ್ಕೆ ಎಷ್ಟು ಸುತ್ತಬೇಕು? ಪ್ರೌಢಶಾಲೆಯ ವಿದ್ಯಾರ್ಥಿಗಳು ಪರಿಧಿಯ ಸೂತ್ರ ಬಳಸಿ ಲೆಕ್ಕ ಹಾಕಬಹುದು. ಒಳಗೆ ಸುಮಾರು 1,390 ಸುತ್ತು, ಅಂಚಿನಲ್ಲಿ ಸುಮಾರು 575. ಮೋಟಾರು ಬರೆಯುತ್ತ ಬರೆಯುತ್ತಲೇ ವೇಗ ತಗ್ಗಿಸಿಕೊಳ್ಳುತ್ತ ಹೋಗಬೇಕು, ಮಸೂರ ಕೂದಲೆಳೆಗಿಂತ ಸೂಕ್ಷ್ಮವಾಗಿ ಮೇಲೆ ಕೆಳಗೆ ಆಡುತ್ತ ಕಿರಣವನ್ನು ಪದರದ ಮೇಲೆ ನೆಟ್ಟಿರಬೇಕು. ಇಷ್ಟೆಲ್ಲ ನಡೆಸುವ ಯಂತ್ರ ಹದಿನೈದು ವರ್ಷಕ್ಕೆ ತಕರಾರು ತೆಗೆದರೆ ಬೇಸರಿಸುವ ಬದಲು, ಅಲ್ಲಿಯವರೆಗೆ ಹೇಗೆ ನಡೆಯಿತೆಂದೇ ಕೇಳಬೇಕು.

ನಿನ್ನೆ ಚೆನ್ನಾಗಿತ್ತು, ಇಂದು ಏಕಿಲ್ಲ?

ಮನೆಮಂದಿಯನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ಈ ‘ಒಮ್ಮೆ ಸರಿ, ಒಮ್ಮೆ ಇಲ್ಲ’ ಎಂಬ ಆಟ. ಇದಕ್ಕೆ ಕಾರಣ ಡಿಸ್ಕಿನಲ್ಲೇ ಇರುವ ತಪ್ಪು ತಿದ್ದುವ ಏರ್ಪಾಡು. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸೊಲೊಮನ್ ಎಂಬ ಇಬ್ಬರು 1960ರಲ್ಲಿ ಪ್ರಕಟಿಸಿದ ಗಣಿತ ಇದರ ಹಿಂದಿದೆ. ತರಗತಿಯ ಅಂಕಪಟ್ಟಿಯನ್ನು ನೆನೆಯಿರಿ. ಪ್ರತಿ ಸಾಲಿನ ಮೊತ್ತ ಬಲಕ್ಕೆ, ಪ್ರತಿ ಕಂಬದ ಮೊತ್ತ ಕೆಳಗೆ. ನಡುವೆ ಒಂದು ಅಂಕದ ಮೇಲೆ ಶಾಯಿ ಚೆಲ್ಲಿದರೂ ಮೊತ್ತದಿಂದ ಅದನ್ನು ಕಂಡುಹಿಡಿಯಬಹುದಲ್ಲವೇ? ಡಿ.ವಿ.ಡಿ.ಯಲ್ಲೂ ಮಾಹಿತಿಯನ್ನು 192 ಸಾಲು, 172 ಕಂಬಗಳ ಪಟ್ಟಿಗಳಾಗಿ ಜೋಡಿಸಿ, ಸಾಲಿಗೆ 10 ಅಂಕೆಗಳನ್ನೂ ಕಂಬಕ್ಕೆ 16 ಅಂಕೆಗಳನ್ನೂ ಹೆಚ್ಚುವರಿಯಾಗಿ ಬರೆದಿರುತ್ತಾರೆ. ವಿಧಾನ ಮೊತ್ತಕ್ಕಿಂತ ಜಟಿಲ, ತತ್ವ ಅದೇ.

ಲೇಸರ್ ದುರ್ಬಲವಾಗುತ್ತ ಬಂದಾಗ ತಪ್ಪುಗಳು ಹೆಚ್ಚುತ್ತವೆ. ಆದರೆ ತಿದ್ದುವ ಏರ್ಪಾಡು ಅವನ್ನೆಲ್ಲ ಮುಚ್ಚಿಹಾಕುತ್ತಿರುವುದರಿಂದ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಒಂದು ಮಿತಿ ದಾಟಿದ ಕೂಡಲೇ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ನಿಲ್ಲುತ್ತದೆ. ಕ್ಯಾಸೆಟ್ಟಿನ ಹಾಗೆ ನಿಧಾನವಾಗಿ ಮಸುಕಾಗಿ ಮುನ್ಸೂಚನೆ ಕೊಡುವ ಗುಣ ಇದಕ್ಕಿಲ್ಲ. ಯಂತ್ರ ಮಿತಿಯ ಹತ್ತಿರವೇ ಓಡುತ್ತಿರುವಾಗ ಒಳ್ಳೆಯ ಡಿಸ್ಕ್ ಸಿಕ್ಕರೆ ಬರೆಯುತ್ತದೆ, ಸಾಧಾರಣ ಡಿಸ್ಕ್ ಆದರೆ ಇಲ್ಲ.

ಪತ್ತೇದಾರಿ ಕೆಲಸ

ಯಂತ್ರವನ್ನು ಬಿಚ್ಚುವ ಮೊದಲೇ ಅರ್ಧ ರೋಗ ಪತ್ತೆಯಾಗುತ್ತದೆ. ಪ್ರಯೋಗಶಾಲೆಯ ನಿಯಮ ಇಲ್ಲಿಯೂ ಅದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಮೊದಲು ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್ ಹಾಕಿ. ಅದು ಓಡಿ, ಖಾಲಿ ಡಿಸ್ಕಿಗೆ ಬರೆಯಲು ಮಾತ್ರ ಆಗದಿದ್ದರೆ ಅನುಮಾನ ಎರಡರ ಮೇಲೆ, ಖಾಲಿ ಡಿಸ್ಕ್ ಅಥವಾ ಲೇಸರಿನ ಬರೆಯುವ ಶಕ್ತಿ. ಓದಲು ಬೇಕಾದ ಬೆಳಕಿಗಿಂತ ಬರೆಯಲು ಬೇಕಾದದ್ದು ಹತ್ತಾರು ಪಟ್ಟು ಹೆಚ್ಚು. ಆದ್ದರಿಂದ ಲೇಸರಿಗೆ ವಯಸ್ಸಾದಾಗ ಮೊದಲು ಹೋಗುವುದು ಬರವಣಿಗೆ, ಆಮೇಲೆ ಓದು. ಬೇರೆ ಕಂಪನಿಯ ಎರಡು ಮೂರು ಡಿಸ್ಕ್ ಪ್ರಯತ್ನಿಸಿ. ಪ್ರತಿ ಡಿಸ್ಕಿನಲ್ಲೂ ಅದರ ತಯಾರಿಕೆಯ ಗುರುತು ಇರುತ್ತದೆ, ಅದನ್ನು ನೋಡಿ ಎಷ್ಟು ಶಕ್ತಿಯಿಂದ ಸುಡಬೇಕೆಂದು ರೆಕಾರ್ಡರ್ ನಿರ್ಧರಿಸುತ್ತದೆ. ಹಳೆಯ ಯಂತ್ರಕ್ಕೆ ಅದರ ನಂತರ ಹುಟ್ಟಿದ 16 ಪಟ್ಟು ವೇಗದ ಡಿಸ್ಕುಗಳ ಪರಿಚಯವೇ ಇಲ್ಲದಿರಬಹುದು. ಕಡಿಮೆ ವೇಗದ ಡಿಸ್ಕ್ ಸಿಕ್ಕರೆ ಅದೇ ಮೇಲು.

ಹಾಡಿನ ಸಿ.ಡಿ. ಓಡುತ್ತದೆ, ಯಾವ ಡಿ.ವಿ.ಡಿ.ಯೂ ಓಡುವುದಿಲ್ಲ ಎಂದರೆ ಸುಳಿವು ಇನ್ನೂ ಸ್ಪಷ್ಟ. ಸಿ.ಡಿ.ಗೆ ಬೇಕಾದದ್ದು 780 ನ್ಯಾನೊಮೀಟರಿನ ಬೇರೆ ಲೇಸರ್. ಮೋಟಾರು ಸರಿಯಿದೆ, ಕೆಂಪು ಲೇಸರ್ ಸೋತಿದೆ ಎಂದು ಊಹಿಸಬಹುದು. ಎರಡೂ ಓಡದಿದ್ದರೆ ಮಸೂರದ ಮೇಲೆ ಧೂಳು ಕೂತಿರಬಹುದು. ಊದಿನಕಡ್ಡಿಯ ಹೊಗೆ, ಒಗ್ಗರಣೆಯ ಎಣ್ಣೆ ಹಬೆ ಎರಡೂ ಮಸೂರಕ್ಕೆ ತೆಳು ಪೊರೆ ಕಟ್ಟುತ್ತವೆ. ಮಸೂರ ಒರೆಸುವ ಬ್ರಷ್ ಇರುವ ಡಿಸ್ಕ್ ಒಮ್ಮೆ ಓಡಿಸಿ ನೋಡಬಹುದು. ಟ್ರೇ ಹೊರಗೆ ಬರಲು ಮುಷ್ಕರ ಹೂಡಿದರೆ ಸಾಮಾನ್ಯವಾಗಿ ಒಳಗಿನ ಪುಟ್ಟ ರಬ್ಬರ್ ಬೆಲ್ಟ್ ಗಟ್ಟಿಯಾಗಿ ಜಾರುತ್ತಿರುತ್ತದೆ. ಅದು ದೊಡ್ಡ ರಿಪೇರಿಯೇ ಅಲ್ಲ.

ಯಂತ್ರ ಶುರುವಾಗುವುದೇ ಇಲ್ಲ, ‘ದಯವಿಟ್ಟು ಕಾಯಿರಿ’ ಎಂದು ಗಂಟೆಗಟ್ಟಲೆ ತೋರಿಸುತ್ತದೆ, ಇಲ್ಲವೇ ಬಿಸಿಯಾದ ಮೇಲೆ ನಿಲ್ಲುತ್ತದೆ ಎಂದರೆ ವಿದ್ಯುತ್ ಪೂರೈಸುವ ಭಾಗವನ್ನು ನೋಡಬೇಕು. ಅಲ್ಲಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ ಒಳಗಿನ ದ್ರವ ವರ್ಷಗಳ ಶಾಖಕ್ಕೆ ಒಣಗುತ್ತದೆ, ಕೆಲವು ತಲೆ ಉಬ್ಬಿಸಿಕೊಂಡು ಕೂತಿರುತ್ತವೆ. ಪುಣ್ಯಕ್ಕೆ ಇವು ಅಗ್ಗದ ಬಿಡಿಭಾಗಗಳು. ಟಿ.ವಿ. ರಿಪೇರಿ ಮಾಡುವವರು ಬದಲಿಸಿಕೊಡುತ್ತಾರೆ. ರೆಕಾರ್ಡರಿನ ಮೇಲೆ ಕಸೂತಿ ಬಟ್ಟೆ ಹೊದಿಸಿ ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡುವ ನಮ್ಮ ಅಭ್ಯಾಸ ಈ ಒಣಗುವಿಕೆಗೆ ಸಾಕಷ್ಟು ನೆರವು ನೀಡಿದೆ.

ತಂದೆತಾಯಿಯರು ಇಲ್ಲಿ ಗಟ್ಟಿಯಾಗಿ ‘ಬೇಡ’ ಎನ್ನಬೇಕು. ಪ್ಲಗ್ ಕಿತ್ತ ಮೇಲೂ ಮುಖ್ಯ ಕೆಪ್ಯಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಗರಿಷ್ಠ ಮಟ್ಟ ಅದರ 1.414 ಪಟ್ಟು, ಅಂದರೆ ಸುಮಾರು 325 ವೋಲ್ಟ್. ಬರೆಯುವ ಲೇಸರ್ ಕೂಡ ಕಣ್ಣಿಗೆ ಅಪಾಯ. ಮುಚ್ಚಳ ತೆಗೆದು ಯಂತ್ರ ಓಡಿಸುವ ಕುತೂಹಲ ಮಕ್ಕಳಿಗೆ ಖಂಡಿತ ಬೇಡ.

ಯಂತ್ರದ ತಪ್ಪಲ್ಲದ ತಪ್ಪುಗಳು

ಕೆಲವೊಮ್ಮೆ ಮನೆಯದೇ ಮದುವೆ ಕ್ಯಾಸೆಟ್ ಹಾಕಿದರೂ ‘ನಕಲು ನಿಷೇಧಿಸಲಾಗಿದೆ’ ಎಂದು ರೆಕಾರ್ಡರ್ ಹಟ ಮಾಡುತ್ತದೆ. ನಮ್ಮ ಮದುವೆಗೆ ನಿಷೇಧ ಹಾಕಿದವರಾರು? ಸಿನಿಮಾ ಕ್ಯಾಸೆಟ್ಟುಗಳನ್ನು ನಕಲಿಸದಂತೆ ಮ್ಯಾಕ್ರೊವಿಷನ್ ಎಂಬ ವಿಧಾನವಿತ್ತು. ಪರದೆಯ ಮೇಲೆ ಕಾಣದ ಸಾಲುಗಳಲ್ಲಿ ಸುಳ್ಳು ಸಂಕೇತಗಳನ್ನು ಸೇರಿಸುತ್ತಿದ್ದರು. ಸವೆದ ಟೇಪಿನ ಗದ್ದಲವೂ ಅದೇ ಸಾಲುಗಳಲ್ಲಿ ಬಂದು ಯಂತ್ರವನ್ನು ಮೋಸಗೊಳಿಸುತ್ತದೆ. ವಿ.ಸಿ.ಆರ್. ಹೆಡ್ ಶುಚಿಗೊಳಿಸಿ, ಟ್ರ್ಯಾಕಿಂಗ್ ಹೊಂದಿಸಿ, ಸಾಧ್ಯವಾದರೆ ಬೇರೊಂದು ವಿ.ಸಿ.ಆರ್.ನಿಂದ ಪ್ರಯತ್ನಿಸಿದರೆ ಎಷ್ಟೋ ಸಲ ಹಟ ಬಿಡುತ್ತದೆ.

ಟಿ.ವಿ. ಕಾರ್ಯಕ್ರಮಕ್ಕೆ ಸಮಯ ನಿಗದಿ ಮಾಡಿಟ್ಟು ಹೋದವರಿಗೆ ಮರಳಿ ಬಂದಾಗ ಬೇರೆಯೇ ಚಾನೆಲ್ ದಾಖಲಾಗಿರುವುದುಂಟು. ಹಿಂದೆ ಕೇಬಲ್ ತಂತಿ ನೇರವಾಗಿ ರೆಕಾರ್ಡರಿಗೆ ಬರುತ್ತಿತ್ತು, ಚಾನೆಲನ್ನು ಅದೇ ಆರಿಸಿಕೊಳ್ಳುತ್ತಿತ್ತು. 2012ರಿಂದ ಹಂತಹಂತವಾಗಿ ಕೇಬಲ್ ಡಿಜಿಟಲ್ ಆದ ಮೇಲೆ ಆಯ್ಕೆಯೆಲ್ಲ ಸೆಟ್‌ಟಾಪ್ ಬಾಕ್ಸಿನದು. ರೆಕಾರ್ಡರ್ ಸರಿಯಾದ ಹೊತ್ತಿಗೆ ಎಚ್ಚರಗೊಂಡು, ಬಾಕ್ಸ್ ಕೊಟ್ಟದ್ದನ್ನು ಬರೆದುಕೊಳ್ಳುತ್ತದೆ, ಅಷ್ಟೆ. ಇನ್ನು ಕರೆಂಟು ಹೋಗುವುದು. ಬರೆಯುವಾಗ ಮಧ್ಯೆ ವಿದ್ಯುತ್ ಕಡಿದರೆ ಚಿತ್ರ ಡಿಸ್ಕಿನಲ್ಲಿದ್ದರೂ ಅದರ ವಿಷಯಸೂಚಿ ಬರೆದಿರುವುದಿಲ್ಲ. ಯು.ಪಿ.ಎಸ್. ಇದ್ದವರು ರೆಕಾರ್ಡರನ್ನೂ ಅದಕ್ಕೆ ಸೇರಿಸುವುದು ಒಳ್ಳೆಯದು.

ಎಸೆಯುವ ಮುನ್ನ

ಪಕ್ಕದ ಮನೆಯ ಪ್ಲೇಯರ್ ‘ಡಿಸ್ಕ್ ಇಲ್ಲ’ ಎಂದದ್ದು ಏಕೆಂಬ ಪ್ರಶ್ನೆ ಉಳಿದಿದೆ. ಡಿಸ್ಕ್ ಬರೆದು ಮುಗಿಸಿದ ಮೇಲೆ ‘ಫೈನಲೈಸ್’ ಎಂಬ ಇನ್ನೊಂದು ಕೆಲಸವಿರುತ್ತದೆ. ಒಳಗಿನ ಆರಂಭ ಭಾಗವನ್ನೂ ಹೊರಗಿನ ಅಂತ್ಯ ಭಾಗವನ್ನೂ ಬರೆದು ಮುಚ್ಚುವುದೇ ಅದು. ಇದಾಗದ ಡಿಸ್ಕನ್ನು ಬರೆದ ರೆಕಾರ್ಡರ್ ಓದುತ್ತದೆ, ಉಳಿದ ಪ್ಲೇಯರುಗಳು ಸಾಮಾನ್ಯವಾಗಿ ಓದುವುದಿಲ್ಲ. ಡಿಸ್ಕಿನ ಕೆಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಳಗಿನಿಂದ ಒಂದಷ್ಟು ದೂರ ಬಣ್ಣ ತುಸು ಬೇರೆಯಾಗಿ ಉಂಗುರದಂತೆ ಕಂಡರೆ ಅಲ್ಲಿ ಬರಹವಿದೆ ಎಂದರ್ಥ. ಖಾಲಿಯೆಂದು ಎಸೆಯಬೇಡಿ.

ಈಗ ಮಗಳ ಮಾತಿನಂತೆ ಹಳೆಯ ಯಂತ್ರವನ್ನು ಗುಜರಿಗೆ ಹಾಕಿದರೆ ಆಗುವ ಅನಾಹುತ ಹೊಳೆಯಿತೇ? ಮುಚ್ಚದೆ ಬಿಟ್ಟ ಎಲ್ಲ ಡಿಸ್ಕುಗಳ ಬೀಗದ ಕೈ ಅದರಲ್ಲೇ ಇದೆ. ಕೆಲವು ಮಾದರಿಗಳಲ್ಲಿ ಹಾರ್ಡ್ ಡಿಸ್ಕ್ ಬೇರೆ ಇರುತ್ತದೆ. ಅದನ್ನು ಕಿತ್ತು ಕಂಪ್ಯೂಟರಿಗೆ ಜೋಡಿಸಿದರೆ ಬರಹದ ರೀತಿ ಅರ್ಥವಾಗದೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದು. ಹೌದು ಎಂದರೆ ಕಥೆ ಮುಗಿಯಿತು. ಆದ್ದರಿಂದ ರಿಪೇರಿಯ ಮೊದಲ ಗುರಿ ಯಂತ್ರ ಇನ್ನೂ ಹತ್ತು ವರ್ಷ ಬಾಳಲಿ ಎಂಬುದಲ್ಲ, ಇದ್ದುದನ್ನು ಹೊರತೆಗೆಯುವಷ್ಟು ದಿನ ನಡೆಯಲಿ ಎಂಬುದು. ಕೆಪ್ಯಾಸಿಟರ್, ಬೆಲ್ಟ್, ಧೂಳು ಇಷ್ಟರ ತನಕ ಖರ್ಚು ಮಾಡುವುದು ಸರಿ. ಲೇಸರ್ ಭಾಗವೇ ಹೋಗಿದ್ದರೆ ಅದಕ್ಕೆ ಹೊಂದುವ ಬಿಡಿಭಾಗ ಸಿಗುವುದು ಕಷ್ಟ.

ಲೇಸರ್ ಸೋತ ಯಂತ್ರದಲ್ಲಿ ಫೈನಲೈಸ್ ಮಾಡಲು ಹೊರಡುವುದೂ ಅಪಾಯವೇ, ಅದೂ ಬರೆಯುವ ಕೆಲಸ ತಾನೇ? ಡಿಸ್ಕ್ ಅದರಲ್ಲಿ ಓಡುತ್ತಿದ್ದರೆ ಮೊದಲು ಹಳದಿ, ಕೆಂಪು, ಬಿಳಿ ತಂತಿಗಳ ಮೂಲಕ ಚಿತ್ರವನ್ನು ಬೇರೆಡೆಗೆ ನಕಲಿಸಿಕೊಂಡು ಆಮೇಲೆ ಪ್ರಯತ್ನಿಸಬೇಕು. ಯಂತ್ರ ಪೂರ್ತಿ ಸತ್ತಿದ್ದರೂ ಕಂಪ್ಯೂಟರಿನಲ್ಲಿ ಐಸೋಬಸ್ಟರ್‌ನಂಥ ತಂತ್ರಾಂಶ ಮುಚ್ಚದ ಡಿಸ್ಕುಗಳಿಂದ ಚಿತ್ರ ತೆಗೆಯುವುದುಂಟು.

ಬದಲಿಗೆ ಏನು ಕೊಳ್ಳಬೇಕು? ಇನ್ನೊಂದು ರೆಕಾರ್ಡರನ್ನಂತೂ ಅಲ್ಲ. ಬಳಸಿದ್ದು ಸಿಕ್ಕರೂ ಅದಕ್ಕೂ ಇಷ್ಟೇ ವಯಸ್ಸು, ಇದೇ ಕಾಯಿಲೆ. ವಿ.ಎಚ್.ಎಸ್. ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆ 2016ರಲ್ಲಿ ಅದನ್ನು ನಿಲ್ಲಿಸಿತು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಗೂ ಮಂಗಳ ಹಾಡಿತು. ಸೆಟ್‌ಟಾಪ್ ಬಾಕ್ಸಿಗೆ ಪೆನ್ ಡ್ರೈವ್ ಚುಚ್ಚಿ ಕಾರ್ಯಕ್ರಮ ಉಳಿಸಿಕೊಳ್ಳಬಹುದು, ಆದರೆ ಬಹುಪಾಲು ಅದು ಆ ಬಾಕ್ಸಿನಲ್ಲೇ ಓಡುವಂತೆ ಬೀಗ ಹಾಕಿರುತ್ತಾರೆ.

ಮನೆಯ ಕ್ಯಾಸೆಟ್ಟುಗಳಿಗೆ ಸುಲಭದ ದಾರಿ, ಕಂಪ್ಯೂಟರಿನ ಯು.ಎಸ್.ಬಿ.ಗೆ ಜೋಡಿಸುವ ಪುಟ್ಟ ವಿಡಿಯೊ ಕ್ಯಾಪ್ಚರ್ ಸಾಧನ. ವಿ.ಸಿ.ಆರ್.ನ ಮೂರು ತಂತಿ ಅದಕ್ಕೆ ಸಿಕ್ಕಿಸಿದರೆ ಚಿತ್ರ ನೇರವಾಗಿ ಹಾರ್ಡ್ ಡಿಸ್ಕಿಗೆ. ಇನ್ನೊಂದು ಲಾಭವೂ ಇದೆ. ರೆಕಾರ್ಡರಿನ ಎಸ್.ಪಿ. ವೇಗದಲ್ಲಿ 4.7 ಗಿಗಾಬೈಟ್ ಡಿಸ್ಕಿಗೆ ಎರಡೇ ಗಂಟೆ, ಆದರೆ ಮದುವೆ ಕ್ಯಾಸೆಟ್ ಸಾಮಾನ್ಯವಾಗಿ ಮೂರು ಗಂಟೆಯದು. ಒಂದೇ ಡಿಸ್ಕಿಗೆ ತುರುಕಲು ನಾಲ್ಕು ಗಂಟೆಯ ವೇಗ ಆರಿಸಿ ಎಷ್ಟು ಮದುವೆಗಳ ಮುಖಗಳು ಮಸುಕಾಗಿವೆಯೋ! ಹಾರ್ಡ್ ಡಿಸ್ಕಿನಲ್ಲಿ ಆ ಇಕ್ಕಟ್ಟಿಲ್ಲ. ಅದೇ ಗುಣಮಟ್ಟದಲ್ಲಿ ಮೂರು ಗಂಟೆಗೆ ಬೇಕಾದದ್ದು ಏಳು ಗಿಗಾಬೈಟ್ ಚಿಲ್ಲರೆ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇಟ್ಟು, ಒಂದನ್ನು ಊರಿನ ಇನ್ನೊಂದು ಮನೆಯಲ್ಲಿಟ್ಟರೆ ಇನ್ನೂ ಒಳ್ಳೆಯದು. ಪೆನ್ ಡ್ರೈವ್ ಸಾಗಿಸಲು ಸರಿ, ಶಾಶ್ವತವಾಗಿ ಕಾಪಿಡಲು ಅಲ್ಲ.

ಎಲ್ಲ ನಕಲಾಗಿ, ಒಮ್ಮೆ ಆರಂಭದಿಂದ ಕೊನೆಯವರೆಗೆ ನೋಡಿಯೂ ಆದ ಮೇಲೆ ರೆಕಾರ್ಡರನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬಹುದು. ಕೊಡುವ ಮೊದಲು ಒಮ್ಮೆ ಟ್ರೇ ತೆರೆದು, ಒಳಗೆ ಡಿಸ್ಕ್ ಉಳಿದಿದೆಯೇ ನೋಡಿ.