ಸಾಂತಾಕ್ರೂಜಿನ ಮಳೆಮಾಪಕವೂ ಮೀಠಿ ನದಿಯ ಒಡೆತನವೂ

2005ನೆಯ ಇಸವಿ ಜುಲೈ 27ರಂದು ಬೆಳಿಗ್ಗೆ ಎಂಟೂವರೆ ಗಂಟೆಗೆ ಸಾಂತಾಕ್ರೂಜಿನ ಹವಾಮಾನ ವೀಕ್ಷಣಾಲಯದಲ್ಲಿ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಅಳೆದಾಗ ದೊರೆತ ಅಂಕ 944.2 ಮಿಲಿಮೀಟರು. ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯಲ್ಲಿರುವ ಕೊಲಾಬಾದ ಮಾಪಕದಲ್ಲಿ ಬಿದ್ದಿದ್ದುದು 73.4 ಮಿಲಿಮೀಟರು ಮಾತ್ರ. ಇವೆರಡರ ನಡುವಣ ದೂರ ಇಪ್ಪತ್ತೈದು ಕಿಲೋಮೀಟರನ್ನು ಮೀರದು. ಬೆಂಗಳೂರಿನಲ್ಲಿ ಒಂದು ಇಡೀ ವರ್ಷಕ್ಕೆ ಬೀಳುವ ಸರಾಸರಿ ಮಳೆ ಹೆಚ್ಚುಕಡಿಮೆ ಇಷ್ಟೇ ಎಂದರೆ, ಒಂದು ಹಗಲು ಒಂದು ರಾತ್ರಿಯಲ್ಲಿ ಸಾಂತಾಕ್ರೂಜಿನ ಮೇಲೆ ಬಿದ್ದ ನೀರಿನ ಪ್ರಮಾಣ ವಾಚಕರ ಮನಸ್ಸಿಗೆ ಬಂದೀತು. ಮಳೆಗೆ ಹೆಸರಾದ ಮಂಗಳೂರಿಗೂ ಇದು ವರ್ಷದ ಪಾಲಿನ ನಾಲ್ಕನೆಯ ಒಂದಂಶ.

ಆ ದಿನ ಮುಂಬಯಿಯಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಜನ ಸತ್ತರು. ಮಳೆಯೇ ಅದಕ್ಕೆ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆಡಳಿತದ ಹಲವು ಶಾಖೆಗಳವರು ಹಾಗೆ ಹೇಳಿಯೂ ಹೇಳಿದರು. ಆದರೆ ಮಳೆಮಾಪಕವು ಬಿದ್ದ ನೀರಿನ ಲೆಕ್ಕವನ್ನು ಮಾತ್ರ ಕೊಡಬಲ್ಲುದು. ನಿಂತ ನೀರಿನ ಲೆಕ್ಕವನ್ನು ಕೊಡಲಾರದು. ನೀರು ಎಲ್ಲಿ ನಿಂತಿತು, ಏಕೆ ನಿಂತಿತು, ಯಾರ ಮನೆಯಲ್ಲಿ ನಿಂತಿತು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಭೂಮಿಯ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ.

ಸಾಂತಾಕ್ರೂಜಿನ ಪೂರ್ವಭಾಗದ ನೀರು ವಾಕೋಲಾ ನಾಲೆಯ ಮೂಲಕ ಮೀಠಿ ನದಿಗೆ ಸೇರುತ್ತದೆ. ಪಶ್ಚಿಮಭಾಗದ್ದು ಗಜಧರಬಂಧ್ ಮತ್ತು ಇರ್ಲಾ ನಾಲೆಗಳಿಂದ ನೇರವಾಗಿ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ನಡುವೆ ರೈಲು ಹಳಿ. ಪ್ರತಿವರ್ಷ ಮೊದಲ ಜೋರುಮಳೆಗೇ ತುಂಬಿ ಪತ್ರಿಕೆಗಳಿಗೆ ಚಿತ್ರವೊದಗಿಸುವ ಮಿಲನ್ ಸಬ್‌ವೇ ಈ ಎರಡು ಭಾಗಗಳ ಸಂಧಿಯಲ್ಲಿದೆ. ಮೀಠಿಯು ಸುಮಾರು 18 ಕಿಲೋಮೀಟರು ಉದ್ದದ ಚಿಕ್ಕ ನದಿ. ವಿಹಾರ್ ಮತ್ತು ಪವಯಿ ಸರೋವರಗಳ ಹೆಚ್ಚುವರಿ ನೀರಿನಿಂದ ಹೊರಟು, ಸಾಕಿನಾಕಾ, ಕುರ್ಲಾ, ಕಲೀನಾ, ಬಾಂದ್ರಾಗಳ ಬಳಿ ಹಾದು ಮಾಹಿಮ್ ಕೊಲ್ಲಿಯನ್ನು ಸೇರುತ್ತದೆ. ಹಿಂದಿಯವರು ಇದರ ಹೆಸರಿನಲ್ಲಿ ಸಿಹಿಯನ್ನು ಕಾಣುತ್ತಾರೆ. ಮರಾಠಿಯಲ್ಲಿ ‘ಮೀಠ್’ ಎಂದರೆ ಉಪ್ಪು. ಕೆಳಪಾತ್ರದಲ್ಲಿ ದಿನಕ್ಕೆ ಎರಡು ಬಾರಿ ಸಮುದ್ರದ ಭರತ ಒಳನುಗ್ಗುವ ಈ ನದಿಗೆ ಎರಡನೆಯ ಅರ್ಥವೂ ಒಪ್ಪದೆ ಇಲ್ಲ.

ಈ ನದಿಯ ತಲೆಯನ್ನು ನಗರವು ಮೊದಲು ತೆಗೆದುಕೊಂಡಿತು. ಮುಂಬಯಿಗೆ ಕೊಳವೆಯಲ್ಲಿ ಕುಡಿಯುವ ನೀರನ್ನು ಕೊಡುವ ಮೊದಲನೆಯ ಯೋಜನೆಗಾಗಿ 1860ರ ಸುಮಾರಿಗೆ ವಿಹಾರ್ ಸರೋವರವನ್ನು ಕಟ್ಟಿದಾಗ ಕಟ್ಟೆ ಬಿದ್ದುದು ಮೀಠಿಯ ಮೇಲ್ಪಾತ್ರಕ್ಕೆ. ಅದರ ಬಾಯಿಯೂ ಅಷ್ಟು ಹೊತ್ತಿಗೆ ಕಿರಿದಾಗಿತ್ತು. ಮಾಹಿಮ್ ದ್ವೀಪವನ್ನು ಬಾಂದ್ರಾಕ್ಕೆ ಜೋಡಿಸುವ ಸೇತುರಸ್ತೆ 1845ರಲ್ಲಿಯೇ ಸಂಚಾರಕ್ಕೆ ತೆರೆದಿತ್ತು. ತಲೆ ಬಾಯಿಗಳ ನಡುವೆ ಉಳಿದ ದೇಹವು ಹೊಲ, ಜವುಗು, ಕಾಂಡ್ಲಾ ಕಾಡು, ಉಪ್ಪಿನಾಗರಗಳ ಮಧ್ಯೆ ಹರಿದುಕೊಂಡಿತ್ತು. ಉತ್ತರ ಕನ್ನಡದ ಅಘನಾಶಿನಿಯ ಹಿನ್ನೀರಿನಲ್ಲಿ ಗಜನಿ ಗದ್ದೆಗಳನ್ನು ಕಂಡವರಿಗೆ ಇಂಥ ಭೂಮಿಯ ಸ್ವಭಾವವನ್ನು ವಿವರಿಸಿ ಹೇಳಬೇಕಾದುದಿಲ್ಲ. ಅದು ನೆಲವೂ ಅಲ್ಲ, ನೀರೂ ಅಲ್ಲ. ಮಳೆಯ ನೀರು ಮೇಲಿನಿಂದ ಬಂದು, ಭರತದ ನೀರು ಕೆಳಗಿನಿಂದ ಬಂದು, ಎರಡೂ ಕೆಲವು ತಾಸು ತಂಗಿ ಇಳಿದುಹೋಗುವ ಜಾಗ. ಅಘನಾಶಿನಿಯ ಒಕ್ಕಲಿಗನು ಅದಕ್ಕೆ ಕಟ್ಟೆ ಕಟ್ಟಿ, ಹಲಗೆಯ ಬಾಗಿಲಿಟ್ಟು, ಕಗ್ಗ ಭತ್ತವನ್ನೂ ಸಿಗಡಿಯನ್ನೂ ಸರದಿಯಂತೆ ಬೆಳೆದುಕೊಂಡನು. ಮುಂಬಯಿಯ ಭೂಮಾಪನದ ಕಾಗದಗಳಲ್ಲಿ ಇದಕ್ಕೆ ಬೆಲೆಯಿಲ್ಲದ ಪಾಳು ಎಂಬ ಸ್ಥಾನ ಬಂತು. ಬೆಲೆಯಿಲ್ಲದ್ದಕ್ಕೆ ಬೆಲೆ ಬರಿಸುವ ಉಪಾಯವೆಂದರೆ ಮಣ್ಣು ತುಂಬುವುದು.

ತುಂಬಿದವರು ಒಬ್ಬರಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಂತಾಕ್ರೂಜಿನಲ್ಲಿ ಸೈನ್ಯದ ವಿಮಾನನೆಲೆ ಎದ್ದಿತು. ಅದೇ ಬೆಳೆದು ನಾಗರಿಕ ವಿಮಾನ ನಿಲ್ದಾಣವಾಗಿ, ಓಟದ ಹಾದಿಯು ನದಿಯ ಮೇಲೆಯೇ ಚಾಚಿತು. ನದಿಯು ಅಲ್ಲಿ ಲಂಬಕೋನದಂತೆ ತಿರುಗಿ, ಹಾದಿಯ ಅಡಿಯಲ್ಲಿ ನುಸುಳಿ ಹೋಗಬೇಕಾಯಿತು. 1977ರಲ್ಲಿ ಮುಂಬಯಿ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರಕ್ಕೆ ಬಾಂದ್ರಾ-ಕುರ್ಲಾ ಸಂಕೀರ್ಣದ ಯೋಜನಾಧಿಕಾರ ದೊರೆಯಿತು. ಮೀಠಿ, ವಾಕೋಲಾ ನಾಲೆ, ಮಾಹಿಮ್ ಕೊಲ್ಲಿಗಳ ಇಕ್ಕೆಲದ ಸುಮಾರು 370 ಹೆಕ್ಟೇರು ತಗ್ಗು ಭೂಮಿ ಎತ್ತರಕ್ಕೆ ಬಂದು, ಅದರ ಮೇಲೆ ಕಾಲಕ್ರಮದಲ್ಲಿ ಬ್ಯಾಂಕುಗಳು, ಶೇರುಪೇಟೆ, ವಿದೇಶೀ ದೂತಾವಾಸಗಳು ನೆಲೆಸಿದವು. ದಕ್ಷಿಣ ಮುಂಬಯಿಯ ಜನದಟ್ಟಣೆಯನ್ನು ತಗ್ಗಿಸುವುದು ಯೋಜನೆಯ ಉದ್ದೇಶವಾಗಿತ್ತು. ಆ ಉದ್ದೇಶವನ್ನು ಯಾರೂ ಹಳಿಯಲಾರರು. ಆದರೆ ತಗ್ಗು ಭೂಮಿಯನ್ನು ಎತ್ತರಿಸಿದಾಗ ನೀರು ಪಕ್ಕದ ಇನ್ನೊಂದು ತಗ್ಗನ್ನು ಹುಡುಕುವುದಷ್ಟೆ. ಆ ಇನ್ನೊಂದು ತಗ್ಗಿನಲ್ಲಿ, ಎಂದರೆ ವಾಕೋಲಾ, ಕಲೀನಾ, ಕುರ್ಲಾಗಳ ನಾಲೆಯಂಚಿನಲ್ಲಿ, ನಗರಕ್ಕೆ ದುಡಿಯಲು ಬಂದು ಬೇರೆಲ್ಲಿಯೂ ಬಾಡಿಗೆ ತೆರಲಾರದವರು ಗುಡಿಸಲು ಕಟ್ಟಿದ್ದರು. ಚಿಕ್ಕ ಕಾರಖಾನೆಗಳೂ ಗುಜರಿ ಗೋದಾಮುಗಳೂ ಕಸವನ್ನು ಪಾತ್ರಕ್ಕೇ ಸುರಿಯುತ್ತಿದ್ದವು.

ಹೀಗೆ ಒಂದು ನದಿಗೆ ಹಲವು ಒಡೆಯರಾದರು. ಉಗಮದ ಸುತ್ತಣ ಕಾಡು ಅರಣ್ಯ ಇಲಾಖೆಯದು, ಸರೋವರ ಮಹಾನಗರಪಾಲಿಕೆಯದು, ನಡುವಿನ ತುಂಡು ವಿಮಾನ ನಿಲ್ದಾಣದ್ದು, ಕೆಳಗಿನ ಸುಮಾರು ಆರು ಕಿಲೋಮೀಟರು ಅಭಿವೃದ್ಧಿ ಪ್ರಾಧಿಕಾರದ್ದು, ದಡದ ಭೂಮಿಯಲ್ಲಿ ಕೆಲವು ಜಿಲ್ಲಾಧಿಕಾರಿಯದು. ನದಿ ಎಂಬ ಒಂದು ವಸ್ತು ಮಾತ್ರ ಯಾರ ದಫ್ತರದಲ್ಲಿಯೂ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು. 2005ಕ್ಕೆ ಮುಂಚೆ ನಗರದ ಬಹುಪಾಲು ಜನ ಅದನ್ನು ನಾಲೆಯೆಂದೇ ಬಗೆದಿದ್ದರು. ನಾಲೆಯಾದರೆ ಅದರ ಅಗಲವನ್ನು ಇಂಜಿನಿಯರು ನಿಶ್ಚಯಿಸಬಹುದು. ನದಿಯಾದರೆ ಅದಕ್ಕೆ ತನ್ನದೆಂಬ ಪಾತ್ರವೊಂದಿರುತ್ತದೆ. ಶಬ್ದದ ಈ ಸಣ್ಣ ವ್ಯತ್ಯಾಸದಲ್ಲಿ ಎಷ್ಟೋ ಎಕರೆಗಳ ರಾಜಕೀಯ ಅಡಗಿತ್ತು. ಬೆಂಗಳೂರಿನ ರಾಜಕಾಲುವೆಗಳ ಕಥೆಯೂ ಇದಕ್ಕಿಂತ ದೂರದ್ದಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಿನ ಸಿರಿವಂತರ ಬಡಾವಣೆಗಳಲ್ಲಿ ಜನರು ದೋಣಿಯೇರಿದುದು ಕೆರೆಯಿಂದ ಕೆರೆಗೆ ಹೋಗುವ ಹಾದಿಯನ್ನು ನೀರು ಮರೆತಿರಲಿಲ್ಲವಾದ್ದರಿಂದ.

ಚರಂಡಿಗಳ ಲೆಕ್ಕವನ್ನು ಇಲ್ಲಿ ಹೇಳತಕ್ಕದ್ದು ಅವಶ್ಯ. ಮುಂಬಯಿಯ ಹಳೆಯ ಮಳೆನೀರಿನ ಚರಂಡಿಗಳು ಗಂಟೆಗೆ 25 ಮಿಲಿಮೀಟರು ಮಳೆಯನ್ನು, ಅದೂ ಸಮುದ್ರ ಇಳಿದಿರುವಾಗ, ಸಾಗಿಸಲು ಆದವುಗಳು. ಬಿದ್ದುದರಲ್ಲಿ ಅರ್ಧ ನೆಲದಲ್ಲಿ ಇಂಗುವುದೆಂಬ ಊಹೆಯೂ ಅದರ ಹಿಂದಿತ್ತು. ಇಂಗಲು ನೆಲವಿದ್ದ ಕಾಲದ ಊಹೆ ಅದು. 1985ರ ನೆರೆಯ ಅನಂತರ ಆರಂಭವಾದ ಪರಿಶೀಲನೆಯಿಂದ 1993ರಲ್ಲಿ ‘ಬ್ರಿಮ್‌ಸ್ಟೋವಾಡ್’ ಎಂಬ ವರದಿ ಸಿದ್ಧವಾಗಿ, ಈ ಶಕ್ತಿಯನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕೆಂದೂ, ಸಮುದ್ರಮುಖದಲ್ಲಿ ಪಂಪುಗೃಹಗಳನ್ನು ಕಟ್ಟಬೇಕೆಂದೂ ಸೂಚಿಸಿತು. ಹಣವಿಲ್ಲವೆಂಬ ಕಾರಣದಿಂದ ಅದರ ಬಹುಭಾಗ ಹನ್ನೆರಡು ವರ್ಷ ಕಾಗದದಲ್ಲಿಯೇ ಉಳಿಯಿತು. ಜುಲೈ 26ರ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯೊಳಗೆ ಸಾಂತಾಕ್ರೂಜಿನಲ್ಲಿ 190 ಮಿಲಿಮೀಟರು ಸುರಿಯಿತು. ನಾಲ್ಕು ಗಂಟೆಯ ಸುಮಾರಿಗೆ ಸುಮಾರು ನಾಲ್ಕೂವರೆ ಮೀಟರಿನ ಭರತ. ಚರಂಡಿಗಳು ಸಮುದ್ರಕ್ಕೆ ತೆರೆಯುವಲ್ಲಿ ಬಹುಪಾಲಿಗೆ ಬಾಗಿಲಿರಲಿಲ್ಲ. ಒಕ್ಕಲಿಗನ ಗಜನಿಗಿದ್ದ ಹಲಗೆಯಷ್ಟೂ ಮಹಾನಗರಕ್ಕೆ ಇರಲಿಲ್ಲ.

ಮರುದಿನಗಳ ಕಷ್ಟದಲ್ಲಿ ಒಂದು ಅಂಶ ವಿಶೇಷವಾಗಿ ಗಮನಾರ್ಹವಾದುದು. ಪೂರ್ವ ಸಾಂತಾಕ್ರೂಜಿನೊಡನೆ ಕನ್ನಡಿಗರ ಸಂಬಂಧ ಹಳೆಯದು. ಬಿಲ್ಲವರ ಅಸೋಸಿಯೇಷನ್ನಿನ ಭವನ ಅಲ್ಲಿದೆ, ಪೇಜಾವರ ಮಠದ ಶಾಖೆಯಿದೆ, ಕಲೀನಾದ ವಿದ್ಯಾಪೀಠದ ಆವರಣದಲ್ಲಿ ಕನ್ನಡ ವಿಭಾಗವಿದೆ. ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದು ಬಾಳಿದ ತುಳುನಾಡಿನವರ, ಕೂಲಿಗೆ ಬಂದ ಉತ್ತರ ಕರ್ನಾಟಕದವರ ಎಷ್ಟೋ ಸಂಸಾರಗಳು ಆ ಪರಿಸರದ ಚಾಳುಗಳಲ್ಲಿ ಬೆಳೆದವು. ನೆಲಮಟ್ಟದ ಖೋಲಿಯಲ್ಲಿ ಎದೆಮಟ್ಟ ನೀರು ನಿಂತರೆ ಅಕ್ಕಿ, ಹಾಸಿಗೆ, ಪುಸ್ತಕ ಹೋಗುತ್ತವೆ. ಅವನ್ನು ಮತ್ತೆ ಕೊಳ್ಳಬಹುದು. ಕಪಾಟಿನ ತಗಡಿನ ಪೆಟ್ಟಿಗೆಯಲ್ಲಿದ್ದ ರೇಶನ್ ಕಾರ್ಡು, ವಿದ್ಯುತ್ ಬಿಲ್ಲು, ಮತದಾರರ ಪಟ್ಟಿಯ ಪ್ರತಿ ಹೋದರೆ ಸಂಗತಿ ಬೇರೆ. ಮಹಾರಾಷ್ಟ್ರದಲ್ಲಿ ಗುಡಿಸಲುವಾಸಿಗೆ ಬದಲಿ ಮನೆ ದೊರೆಯಬೇಕಾದರೆ ನಿಶ್ಚಿತ ದಿನಾಂಕಕ್ಕೆ ಮುಂಚೆ (ಮೊದಲು 1-1-1995, ಅನಂತರ 1-1-2000) ಅಲ್ಲಿ ವಾಸವಿದ್ದುದಕ್ಕೆ ಪುರಾವೆ ಒಪ್ಪಿಸಬೇಕು. ಆದಕಾರಣ ಒಂದು ರಾತ್ರಿಯ ನೀರು ಇಪ್ಪತ್ತು ವರ್ಷದ ವಾಸವನ್ನು ಅಳಿಸಬಲ್ಲುದಾಗಿತ್ತು. ಹವಾಮಾನದ ಅಂಕಿಗಳಲ್ಲಿ ಈ ನಷ್ಟಕ್ಕೆ ಕಲಮೇ ಇಲ್ಲ.

ಸರಕಾರವು 2005ರ ಆಗಸ್ಟಿನಲ್ಲಿ ಮೀಠಿ ನದಿಯ ಅಭಿವೃದ್ಧಿ ಮತ್ತು ಸಂರಕ್ಷಣೆಗಾಗಿ ಪ್ರತ್ಯೇಕ ಪ್ರಾಧಿಕಾರವನ್ನು ನೇಮಿಸಿತು. ಮಾಧವರಾವ್ ಚಿತಳೆಯವರ ಅಧ್ಯಕ್ಷತೆಯ ಸತ್ಯಶೋಧನ ಸಮಿತಿಯ ವರದಿ 2006ರಲ್ಲಿ ಬಂತು. ನದಿಯನ್ನು ಅಗಲಿಸುವುದು, ಆಳಗೊಳಿಸುವುದು, ದಡಕ್ಕೆ ಗೋಡೆ ಕಟ್ಟುವುದು ನಡೆಯಿತು. ಇದಕ್ಕಾಗಿ ತೆರವಾದವು ಸಾವಿರಾರು ಗುಡಿಸಲುಗಳು ಮತ್ತು ಚಿಕ್ಕ ಅಂಗಡಿಗಳು. ವಿಮಾನದ ಓಟದ ಹಾದಿ ಇದ್ದಲ್ಲಿಯೇ ಇದೆ, ಸಂಕೀರ್ಣದ ಗಾಜಿನ ಸೌಧಗಳು ಇನ್ನೂ ಹೆಚ್ಚಿವೆ. ಗುಡಿಸಲುಗಳು ಹರಿವಿಗೆ ಅಡ್ಡವಿರಲಿಲ್ಲವೆಂದು ವಾದಿಸಲಾಗದು. ಅಡ್ಡವಿದ್ದವರಲ್ಲಿ ಯಾರನ್ನು ಸರಿಸಬಹುದು, ಯಾರನ್ನು ಸರಿಸಲಾಗದು ಎಂಬುದನ್ನು ಜಲವಿಜ್ಞಾನವು ನಿರ್ಣಯಿಸಲಿಲ್ಲವೆಂಬುದಷ್ಟೇ ಇಲ್ಲಿನ ಮಾತು. ಕಾಂಡ್ಲಾ ಕಾಡಿನ ವಿಷಯದಲ್ಲಿ ಮಾತ್ರ ನ್ಯಾಯಾಲಯವು ಗಟ್ಟಿಯಾಗಿ ನಿಂತಿತು. ಮುಂಬಯಿ ಉಚ್ಚ ನ್ಯಾಯಾಲಯವು 2005ರ ಅಕ್ಟೋಬರಿನಲ್ಲಿ ಅದರ ನಾಶವನ್ನು ರಾಜ್ಯದಾದ್ಯಂತ ತಡೆದು, 2018ರ ತೀರ್ಪಿನಲ್ಲಿ ಅದನ್ನು ಸ್ಥಿರಪಡಿಸಿತು.

ಹೂಳೆತ್ತುವ ಕೆಲಸಕ್ಕೆ ಕೊನೆಯಿಲ್ಲ. ವರ್ಷವರ್ಷವೂ ಗುತ್ತಿಗೆ, ವರ್ಷವರ್ಷವೂ ಹೂಳು. ಎತ್ತಿದ ಮಣ್ಣಿನ ಲೆಕ್ಕದಲ್ಲಿ ವಂಚನೆ ನಡೆದಿದೆಯೆಂಬ ಆರೋಪದ ಮೇಲೆ 2025ರಲ್ಲಿ ಮುಂಬಯಿ ಪೋಲೀಸರು ಮೊಕದ್ದಮೆಯನ್ನೂ ದಾಖಲಿಸಿದರು.

ಪಂಪುಗೃಹಗಳು ತಡವಾಗಿಯಾದರೂ ಎದ್ದವು. ಸಾಂತಾಕ್ರೂಜ್ ಪಶ್ಚಿಮದ ಗಜಧರಬಂಧ್ ಪಂಪುಗೃಹ ಕೆಲಸಕ್ಕೆ ತೊಡಗಿದುದು 2019ರಲ್ಲಿ, ಎಂದರೆ ವರದಿಯಾದ ಇಪ್ಪತ್ತಾರು ವರ್ಷಕ್ಕೆ. ಮೋಗ್ರಾ ಮತ್ತು ಮಾಹುಲ್‌ಗಳ ಪಂಪುಗೃಹಗಳು ಜಾಗದ ತೊಡಕಿನಿಂದ ಅದಕ್ಕಿಂತಲೂ ಹಿಂದೆ ಬಿದ್ದವು. ನೀರನ್ನು ಹೊರಹಾಕಲು ಬೇಕಾದ ನಾಲ್ಕು ಗುಂಟೆಗೂ ಒಡೆಯರ ಪ್ರಶ್ನೆಯೇ ಎದುರಾಯಿತು. ಪಂಪಿಗೆ ಬೇಕು ವಿದ್ಯುತ್ತು. ಉಪನಗರಗಳಿಗೆ ಬೆಳಕು ಕೊಡುವ ಕಲ್ಲಿದ್ದಲಿನ ಸ್ಥಾವರ 1995ರಿಂದ ಡಹಾಣೂವಿನಲ್ಲಿದೆ. ಅಲ್ಲಿಯ ಚಿಕ್ಕು ತೋಟಗಳವರು ಹೊಗೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದ್ದರು. ಕುಡಿಯುವ ನೀರಾದರೋ ವೈತರಣಾ, ಭಾತ್ಸಾ, ತಾನಸಾಗಳಿಂದ, ಅರಣ್ಯವಾಸಿಗಳ ತಾಲ್ಲೂಕುಗಳಿಂದ ದಿನಕ್ಕೆ ಸುಮಾರು 3,850 ದಶಲಕ್ಷ ಲೀಟರಿನಂತೆ ಬರುತ್ತದೆ. ಆ ತಾಲ್ಲೂಕುಗಳ ಹೆಂಗಸರು ಬೇಸಗೆಯಲ್ಲಿ ಕೊಡ ಹೊತ್ತು ನಡೆಯುವುದು ತಪ್ಪಿಲ್ಲ. ವಿಹಾರಿನ ಕಟ್ಟೆಯೊಡನೆ ಆರಂಭವಾದ ಪದ್ಧತಿ ಇದು: ಬೇಕಾದ ನೀರನ್ನು ದೂರದವರಿಂದ ತರಿಸಿ, ಬೇಡದ ನೀರನ್ನು ತಗ್ಗಿನವರಿಗೆ ಬಿಡುವುದು.

ಮಹಾನಗರಪಾಲಿಕೆಯು 2022ರ ಮಾರ್ಚಿನಲ್ಲಿ ಹವಾಮಾನ ಕಾರ್ಯಯೋಜನೆಯೊಂದನ್ನು ಪ್ರಕಟಿಸಿ, 2050ರೊಳಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವ ಸಂಕಲ್ಪವನ್ನು ಸಾರಿತು. ಮಳೆಮಾಪಕಗಳ ಸಂಖ್ಯೆಯೂ ಹೆಚ್ಚಿದೆ. 2005ರಲ್ಲಿ ನಗರಕ್ಕೆ ಡಾಪ್ಲರ್ ರಾಡಾರೇ ಇರಲಿಲ್ಲ, ಈಗ ಕೊಲಾಬಾದಲ್ಲೊಂದು, ವೆರಾವಲಿಯಲ್ಲೊಂದು ಇವೆ. ಮಳೆಗಾಲದ ಮುಂಚೆ, ಭರತವು ನಾಲ್ಕೂವರೆ ಮೀಟರನ್ನು ಮೀರುವ ದಿನಗಳ ಪಟ್ಟಿಯನ್ನು ಪಾಲಿಕೆ ಪ್ರಕಟಿಸುತ್ತದೆ. ವಾಕೋಲಾದ ನಾಲೆಯಂಚಿನ ಮನೆಗಳವರಿಗೆ ಆ ಪಟ್ಟಿಯೊಂದು ಪಂಚಾಂಗದಂತೆ. ಅದರಲ್ಲಿ ಗುರುತು ಹಾಕಿದ ದಿನಗಳಂದು ಕಾಗದಪತ್ರಗಳ ಪೆಟ್ಟಿಗೆ ಅಟ್ಟಕ್ಕೆ ಏರುತ್ತದೆ.